ಶೂ ಒಳಗಿನ ಹದಿನೆಂಟನೇ ಟೋಕನ್

ಪೆಟ್ಟಿಗೆ ಬಂದದ್ದು ಹೊಸ ಫೋನಿನ ಬಿಡುಗಡೆಯ ಹಿಂದಿನ ದಿನ ಮಧ್ಯಾಹ್ನ. ನಲವತ್ತು ಫೋನು ಬರುತ್ತವೆ ಎಂದು ಒಂದು ವಾರದಿಂದ ಕೇಳಿದವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಕೊರಿಯರ್‌ನವರು ಇಳಿಸಿದ ಪೆಟ್ಟಿಗೆಯನ್ನು ಎತ್ತಿಕೊಂಡ ಕೂಡಲೇ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. ನಲವತ್ತು ಫೋನಿರುವ ಪೆಟ್ಟಿಗೆ ಅಷ್ಟು ಹಗುರ ಇರುವುದಿಲ್ಲ. ಮೇಲೆ ಅಂಟಿಸಿದ ಚೀಟಿ ಓದಿದೆ. ಹದಿನೆಂಟು ಎಂದಿತ್ತು.

ಶಿವಮೊಗ್ಗದ ದುರ್ಗಿಗುಡಿಯ ಒಂದು ಮೊಬೈಲ್ ಅಂಗಡಿಯಲ್ಲಿ ನಾನು ಫ್ಲೋರ್ ಇನ್‌ಚಾರ್ಜ್. ಮನೆ ಭದ್ರಾವತಿ, ದಿನಾ ಬಸ್ಸಿನಲ್ಲಿ ಓಡಾಟ. ಇನ್‌ಚಾರ್ಜ್ ಆದ ಮೇಲೆ ಅದು ನನ್ನ ಮೊದಲ ಬಿಡುಗಡೆ. ಸುಳ್ಳು ಯಾಕೆ ಹೇಳಲಿ, ಹಬ್ಬದ ಹಿಂದಿನ ದಿನದ ಸಡಗರ ನನಗೆ. ಬಾಗಿಲಿಗೆ ಬಲೂನಿನ ಕಮಾನು ಕಟ್ಟಿಸಿದ್ದೆ. ಡೆಮೊ ಮೇಜಿನ ಗಾಜನ್ನು ನಾನೇ ಮೂರು ಸಲ ಒರೆಸಿದ್ದೆ. ಇಷ್ಟೆಲ್ಲ ಮಾಡಿ ಹದಿನೆಂಟೇ ಫೋನು ಎಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಏರಿಯಾ ಮ್ಯಾನೇಜರ್‌ಗೆ ಫೋನ್ ಮಾಡಿ ಕೂಗಾಡಿದೆ. ಅವರು ಬೆಂಗಳೂರಿನಲ್ಲಿ ಕೂತು ತಣ್ಣಗೆ, "ಬಂದಿದ್ದನ್ನ ನೀಟಾಗಿ ಮಾರಿ ಮೇಡಂ, ನಾಳೆ ನಾನೇ ಬರ್ತಿದ್ದೀನಿ" ಎಂದರು.

ಇಂಥ ದಿನಕ್ಕೆ ಕಂಪನಿಯ ಕಟ್ಟುಪಾಡು ಬಹಳ. ಮುಂಗಡ ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಮೊದಲು. ಪೆಟ್ಟಿಗೆಯ ಟೇಪನ್ನು ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಮುಂಚೆ ಕತ್ತರಿಸುವಂತಿಲ್ಲ, ಕತ್ತರಿಸುವುದನ್ನು ವಿಡಿಯೋ ಮಾಡಬೇಕು. ಹತ್ತು ಗಂಟೆಯಾಗುವವರೆಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಆ ಫೋನುಗಳ ಸೀರಿಯಲ್ ನಂಬರನ್ನು ಒಪ್ಪುವುದೇ ಇಲ್ಲ. ಟೋಕನ್ ಕೊಡುವುದು ಒಂಬತ್ತೂವರೆಗೆ, ಅದೂ ಸಾಲಿನಲ್ಲಿ ನಿಂತಿರುವವರಿಗೆ ಮಾತ್ರ. ಮೊದಲೇ ಕೊಟ್ಟರೆ ಟೋಕನ್ನೇ ಬ್ಲ್ಯಾಕಿನಲ್ಲಿ ಮಾರಾಟವಾಗುತ್ತದೆ ಎಂಬ ಹೆದರಿಕೆ ಅವರಿಗೆ.

ಆ ಸಂಜೆ ಭಾವ ಫೋನ್ ಮಾಡಿದರು. ಭಾವ ಎಂದರೆ ನನ್ನ ಅಕ್ಕನ ಗಂಡ. ಭದ್ರಾವತಿಯಲ್ಲಿ ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿ ಇದೆ, ಜೊತೆಗೆ ಹೊಸ ಫೋನುಗಳ ಬಗ್ಗೆ ಮಾತಾಡುವ ಒಂದು ವಿಡಿಯೋ ಚಾನೆಲ್ ಇದೆ. ಅಂಗಡಿ ಹೊಟ್ಟೆಪಾಡು, ಚಾನೆಲ್ ಪ್ರಾಣ.

"ಒಂದು ಎತ್ತಿಡು ಮಾರಾಯ್ತಿ. ಮೊದಲ ದಿನವೇ ಪ್ಯಾಕ್ ಒಡೆದು ತೋರಿಸ್ತೀನಿ ಅಂತ ನೋಡೋರಿಗೆಲ್ಲ ಹೇಳ್ಬಿಟ್ಟಿದ್ದೀನಿ."

"ಎತ್ತಿಡಕ್ಕೆ ಅದೇನು ಸಾರಿನ ಪಾತ್ರೆನಾ ಭಾವ? ಬೆಳಿಗ್ಗೆ ಬಂದು ಸಾಲಲ್ಲಿ ನಿಂತ್ಕೊಳ್ಳಿ."

"ನಾದಿನಿ ಇನ್‌ಚಾರ್ಜ್ ಆಗಿದ್ದಕ್ಕೆ ಇದೇ ಲಾಭನಾ?" ಎಂದು ಗೊಣಗಿಕೊಂಡೇ ಫೋನ್ ಇಟ್ಟರು.

ನನ್ನ ತಲೆಯಲ್ಲಿದ್ದದ್ದು ಇನ್ನೊಬ್ಬರು. ಅವರೂ ಭದ್ರಾವತಿಯವರೇ. ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತರಾದ ಹಿರಿಯರು. ಪೇಪರಿನಲ್ಲಿ ಬಂದ ಜಾಹೀರಾತನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಆ ವಾರದಲ್ಲೇ ಮೂರು ಸಲ ಅಂಗಡಿಗೆ ಬಂದಿದ್ದರು. ಈ ವಯಸ್ಸಿನವರು ಸಾಮಾನ್ಯವಾಗಿ ಅಕ್ಷರ ದೊಡ್ಡದು ಕಾಣುತ್ತದಾ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಕೇಳುತ್ತಾರೆ. ಇವರು ಕೇಳಿದ್ದು ಜೂಮ್ ಬಗ್ಗೆ.

"ಗಾಜನೂರು ಡ್ಯಾಮ್‌ಗೆ ಎಲ್ರೂ ನೀರು ನೋಡಕ್ಕೆ ಹೋಗ್ತಾರೆ. ನಾನು ಹೋಗದು ಗೇಟ್ ಎತ್ತದು ನೋಡಕ್ಕೆ. ಜೀವಮಾನ ಎಲ್ಲ ಭಾರ ಎತ್ತಿದೋನು ನಾನು. ಆದ್ರೆ ದೂರದಲ್ಲೇ ನಿಲ್ಲಿಸ್ಬಿಡ್ತಾರಮ್ಮ, ಒಂದೂ ಸರಿಯಾಗಿ ಕಾಣಲ್ಲ. ಇದ್ರಲ್ಲಿ ಕಾಣುತ್ತಾ?"

"ಕಾಣುತ್ತೆ ಸಾರ್. ಆದ್ರೆ ಮೊದಲ ದಿನವೇ ಯಾಕೆ ಸಾಲಲ್ಲಿ ನಿಲ್ತೀರಿ? ಹದಿನೈದು ದಿನ ಬಿಟ್ರೆ ಆರಾಮಾಗಿ ಸಿಗುತ್ತೆ."

ಅವರಿಗೆ ಸ್ವಲ್ಪ ನಾಚಿಕೆಯಾಯಿತು. "ಮನೇಲಿರೋ ಟಿವಿ ಸೆಕೆಂಡ್ ಹ್ಯಾಂಡ್. ಸ್ಕೂಟರ್ ನಮ್ಮ ಷಡ್ಡಕಂದು. ಈ ಫೋನು ಮಗಳು ಬಿಟ್ಟಿದ್ದು. ಹೊಸಾದು, ಮೊದಲ ದಿನ, ಊರಲ್ಲಿ ಯಾರ ಹತ್ರವೂ ಇಲ್ದೇ ಇರೋದು, ಅಂಥಾದ್ದು ಒಂದು ಸಲ ತಗೊಂಡು ನೋಡ್ಬೇಕು ಅಂತ ಆಸೆ. ನಗ್ಬೇಡಮ್ಮ."

ನಾನು ನಗಲಿಲ್ಲ. ಅವರಿಗೆ ಅದು ಸಿಗಲೇಬೇಕು ಎಂದು ಆಗಲೇ ಮನಸ್ಸು ಕಟ್ಟಿಕೊಂಡುಬಿಟ್ಟೆ. ಹಾಗೆಂದು ಅವರಿಗೂ ಎತ್ತಿಡುವಂತಿರಲಿಲ್ಲ.

ಬಿಡುಗಡೆಯ ದಿನ ಮೊದಲ ಬಸ್ಸಿಗೇ ಹೊರಟು ಆರು ಗಂಟೆಗೆಲ್ಲ ಅಂಗಡಿ ತಲುಪಿದೆ. ಬಾಗಿಲ ಮುಂದೆ ಸಾಲು ಆಗಲೇ ಇತ್ತು, ಆದರೆ ಸಾಲಿನಲ್ಲಿ ಮನುಷ್ಯರಿರಲಿಲ್ಲ. ಒಂಬತ್ತು ಜೊತೆ ಚಪ್ಪಲಿ, ಒಂದರ ಹಿಂದೆ ಒಂದು, ಶಟರ್ ಕಡೆಗೆ ಮುಖ ಮಾಡಿ ಕೂತಿದ್ದವು. ಅವುಗಳ ಯಜಮಾನರೆಲ್ಲ ರಸ್ತೆಯಾಚೆ ಟೀ ಅಂಗಡಿಯ ಮುಂದೆ ಬರಿಗಾಲಿನಲ್ಲಿ ನಿಂತು ಲೋಟ ಊದುತ್ತಿದ್ದರು. ಅನುಭವಸ್ಥರು ಮಾತ್ರ ಮನೆಯಿಂದ ಇನ್ನೊಂದು ಜೊತೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದು ಹಾಕಿಕೊಂಡಿದ್ದರು. ನಮ್ಮ ಕಡೆ ರೇಷನ್ ಅಂಗಡಿಯಿಂದ ಹಿಡಿದು ಆಸ್ಪತ್ರೆಯವರೆಗೆ ಎಲ್ಲ ಕಡೆ ಇದೇ ಪದ್ಧತಿ. ಚಪ್ಪಲಿ ಇಟ್ಟರೆ ಆಳು ಇದ್ದ ಹಾಗೆ.

ಹದಿನೆಂಟೇ ಫೋನು ಎಂದು ದೊಡ್ಡದಾಗಿ ಬರೆದು ಗಾಜಿಗೆ ಅಂಟಿಸಿ ಒಳಗೆ ಹೋದೆ. ಕೆಲಸ ರಾಶಿ ಬಿದ್ದಿತ್ತು. ಮೂರು ಕೌಂಟರಿನ ಸ್ಕ್ಯಾನರ್ ಪರೀಕ್ಷೆ ಮಾಡಬೇಕು, ಹಳೆ ಫೋನು ಬದಲಾಯಿಸಿಕೊಳ್ಳುವವರಿಗೆ ಬೇರೆ ಮೇಜು ಹಾಕಬೇಕು, ಹಳೆಯದರಿಂದ ಹೊಸದಕ್ಕೆ ಫೋಟೊ, ನಂಬರ್ ದಾಟಿಸುವ ಕೇಬಲ್ಲುಗಳನ್ನು ಜೋಡಿಸಬೇಕು. ಏಳೂವರೆಗೆ ಹೊರಗೆ ಇಣುಕಿದಾಗ ಸಾಲು ಬಲೂನಿನ ಕಮಾನು ದಾಟಿ ಪಕ್ಕದ ಬೇಕರಿಯವರೆಗೂ ಹೋಗಿತ್ತು. ಎಣಿಸಿದೆ, ಮೂವತ್ತೊಂದು ಜೊತೆ. ಬೋರ್ಡ್ ನೋಡಿಯೂ ಯಾರೂ ಕದಲಿರಲಿಲ್ಲ. ಮುಂದಿನವರಲ್ಲಿ ಯಾರಿಗಾದರೂ ಬಣ್ಣ ಹಿಡಿಸದೆ ಬಿಟ್ಟು ಹೋದರೆ ತಮಗೆ ಸಿಗಬಹುದು ಎಂಬ ಆಸೆ ಹಿಂದಿನವರಿಗೆ.

ಭಾವ ಕೋಲಿಗೆ ಫೋನ್ ಸಿಕ್ಕಿಸಿಕೊಂಡು ಏನೋ ಮಾತಾಡುತ್ತ ಓಡಾಡುತ್ತಿದ್ದರು. ಕ್ರೇನ್ ಹಿರಿಯರು ಬಾಗಿಲ ಹತ್ತಿರ ಬಂದು ಕೈ ಎತ್ತಿದರು. ಕಾಲಿನಲ್ಲಿ ಏನೂ ಇರಲಿಲ್ಲ.

"ಇಟ್ಟಿದ್ದೀನಮ್ಮ," ಎಂದು ಹೆಮ್ಮೆಯಿಂದ ತೋರಿಸಿದರು. ಸಾಲಿನ ನಡುವೆ ಎಲ್ಲೋ ಒಂದು ಜೊತೆ ಕಾರ್ಖಾನೆಯ ಶೂ, ಮೂತಿಗೆ ಕಬ್ಬಿಣ ಇರುವಂಥದ್ದು. "ಎಷ್ಟನೇದು ಅಂತ ಎಣಿಸಿ ನೋಡ್ದೆ. ಹದಿನೆಂಟು. ಕಟ್ಟಕಡೇದು ನನ್ನದೇ!"

ನನಗೂ ಕುಣಿಯುವಷ್ಟು ಖುಷಿಯಾಯಿತು. ಹಳೆಯ ಫೋನನ್ನು ಬದಲಾಯಿಸಿಕೊಳ್ಳಬೇಕು ಎಂದು ಕೊಟ್ಟರು. ತೆರೆದು ನೋಡಿದೆ. ಮಗಳ ಹೆಸರಿನ ಖಾತೆ ಇನ್ನೂ ಅದರಲ್ಲೇ ಕೂತಿತ್ತು. ಅದನ್ನು ತೆಗೆಯದೆ ನಮ್ಮ ಸಾಫ್ಟ್‌ವೇರ್ ಹಳೆ ಫೋನನ್ನು ತೆಗೆದುಕೊಳ್ಳುವುದಿಲ್ಲ. ತೆಗೆಯಬೇಕಾದರೆ ಪಾಸ್‌ವರ್ಡ್ ಬೇಕು.

"ಪಾಸ್‌ವರ್ಡು ಗ್ಯಾಸ್ ಪುಸ್ತಕದ ಹಿಂದೆ ಬರ್ದಿಟ್ಟಿದಾಳೆ."

"ಗ್ಯಾಸ್ ಪುಸ್ತಕ ಎಲ್ಲಿದೆ ಸಾರ್?"

"ಮನೇಲಿ."

ಮನೆಗೆ ಫೋನ್ ಮಾಡಿದೆವು, ನಾಲ್ಕು ಸಲ. ಅವರ ಹೆಂಡತಿ ಎತ್ತಲಿಲ್ಲ. ಆ ಹೊತ್ತಿಗೆ ಅವರು ಹೂವು ಬಿಡಿಸಲು ಹಿತ್ತಲಿಗೆ ಹೋಗಿರುತ್ತಾರಂತೆ, ಫೋನು ಅಡುಗೆಮನೆಯಲ್ಲಿರುತ್ತದಂತೆ. ಮಗಳ ಫೋನು ಸ್ವಿಚ್ ಆಫ್. ಹಿರಿಯರು ಒಮ್ಮೆ ಶೂ ಕಡೆ ನೋಡಿದರು, ಒಮ್ಮೆ ನನ್ನ ಕಡೆ.

"ಹೋಗಿ ತಗೊಂಡು ಬನ್ನಿ ಸಾರ್, ಹತ್ತು ನಿಮಿಷಕ್ಕೊಂದು ಬಸ್ಸಿದೆ," ಎಂದೆ. "ನಿಮ್ಮ ಜಾಗ ಎಲ್ಲೂ ಹೋಗಲ್ಲ."

ನಾನೇ ಹೇಳಿದ್ದು. ಕಂಪನಿಯ ನಿಯಮ ಗೊತ್ತಿದ್ದೂ ಹೇಳಿದ್ದು. ಅವರು ತಲೆಯಾಡಿಸಿ ಬರಿಗಾಲಿನಲ್ಲೇ ಬಸ್ ಸ್ಟ್ಯಾಂಡ್ ಕಡೆ ಹೊರಟರು. ಆಗ ಗಂಟೆ ಎಂಟಾಗುವುದರಲ್ಲಿತ್ತು.

ಎಂಟೂವರೆಗೆ ಏರಿಯಾ ಮ್ಯಾನೇಜರ್ ಕಾರಿನಿಂದ ಇಳಿದರು. ನಾನು ಒಳಗೆ ಕೌಂಟರಿನ ಹುಡುಗಿಯರಿಗೆ ಸೀರಿಯಲ್ ನಂಬರ್ ಹೊಡೆಯುವ ಕ್ರಮ ಹೇಳಿಕೊಡುತ್ತಿದ್ದೆ. ಅವರು ಬಾಗಿಲಲ್ಲೇ ನಿಂತು ಮುಖ ಸಿಂಡರಿಸಿ ಅಂಗಡಿ ಗುಡಿಸುವ ಅಕ್ಕನಿಗೆ, "ಏನ್ರೀ ಇದು, ಲಾಂಚ್ ದಿನ ಹೀಗಾ? ಫೋಟೊ ತೆಗೀಬೇಕು, ಇದನ್ನೆಲ್ಲ ನೀಟ್ ಮಾಡಿ" ಎಂದು ಹೇಳಿ ಮತ್ತೆ ಫೋನಿನಲ್ಲಿ ಮುಳುಗಿದರಂತೆ.

ಈ ಗುಡಿಸುವ ಅಕ್ಕ ರಾಗಿಗುಡ್ಡದ ಕಡೆಯಿಂದ ಬರುತ್ತಾರೆ. ನಮ್ಮಲ್ಲಿಗೆ ಸೇರುವ ಮುಂಚೆ ಆರು ವರ್ಷ ಒಂದು ದೇವಸ್ಥಾನದ ಚಪ್ಪಲಿ ಸ್ಟ್ಯಾಂಡ್ ನೋಡಿಕೊಂಡವರು. ಹೇಳಿದ ಕೆಲಸಕ್ಕಿಂತ ಒಂದು ಕೈ ಹೆಚ್ಚು ಮಾಡುವ ಜೀವ. ನೀಟ್ ಮಾಡಿ ಎಂದರೆ ಗುಡ್ಡೆ ಹಾಕಲಿಲ್ಲ. ಹೆಂಗಸರದ್ದು ಒಂದು ಕಡೆ, ಗಂಡಸರದ್ದು ಒಂದು ಕಡೆ, ಅದರಲ್ಲೂ ಚಿಕ್ಕದು ಮುಂದೆ, ದೊಡ್ಡದು ಹಿಂದೆ, ಶೂಗಳೆಲ್ಲ ಗೋಡೆಗೆ ಒರಗಿಸಿ, ಮೂವತ್ತೊಂದು ಜೊತೆಯನ್ನೂ ಬೇಕರಿಯ ಪಕ್ಕದ ಜಗುಲಿಯ ಮೇಲೆ ಚೊಕ್ಕವಾಗಿ ಜೋಡಿಸಿಬಿಟ್ಟರು. ಆಮೇಲೆ ಬಾಗಿಲ ಮುಂದೆ ನೀರು ಹಾಕಿ ರಂಗೋಲಿಯನ್ನೂ ಬಿಟ್ಟರು.

ಹೊರಗೆ ಗದ್ದಲ ಕೇಳಿ ನಾನು ಓಡಿ ಬಂದಾಗ ಟೀ ಅಂಗಡಿಯಿಂದ ಮೂವತ್ತು ಜನ ಒಂದೇ ಉಸಿರಿಗೆ ರಸ್ತೆ ದಾಟುತ್ತಿದ್ದರು.

"ನಾನು ನಾಲ್ಕನೇಯೋನು!"

"ಯಾವನ್ರೀ ನಾಲ್ಕನೇಯೋನು? ನಾನು ನಾಲ್ಕು!"

"ನನ್ನ ಚಪ್ಪಲಿ ಎಲ್ಲಿ ಸ್ವಾಮಿ?"

ಅಕ್ಕ ಗಾಬರಿಯಾಗಿ ಪೊರಕೆ ಹಿಡಿದು ನಿಂತಿದ್ದರು. "ಒಂದೂ ಕಳೆದಿಲ್ಲ ಕಣಮ್ಮ, ಜೊತೆ ಜೊತೆ ಇಟ್ಟಿದೀನಿ, ನೋಡಿ ಬೇಕಾದ್ರೆ!" ಅವರು ಹೇಳಿದ್ದು ನಿಜವೇ. ಯಾರದ್ದು ಯಾವುದು ಎಂಬುದಕ್ಕೆ ಜಗಳವೇ ಇರಲಿಲ್ಲ. ಯಾರದ್ದು ಎಷ್ಟನೆಯದು ಎಂಬುದು ಮಾತ್ರ ನೀರಿನಲ್ಲಿ ತೊಳೆದುಹೋಗಿತ್ತು.

ಸಿಸಿ ಕ್ಯಾಮೆರಾ ಇದೆಯಲ್ಲ ಎಂದು ಒಳಗೆ ಓಡಿದೆ. ಪರದೆಯ ತುಂಬ ಕೆಂಪು, ಬಿಳಿ ಬಲೂನು. ನಾನೇ ನಿಂತು ಕಟ್ಟಿಸಿದ ಕಮಾನು ಕ್ಯಾಮೆರಾದ ಮೂತಿಗೇ ಬಂದಿತ್ತು. ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಏರಿಯಾ ಮ್ಯಾನೇಜರ್ ಕೈಗಡಿಯಾರ ನೋಡಿಕೊಂಡರು. "ಸಿಂಪಲ್ ಮೇಡಂ. ಈಗ ಯಾರು ನಿಂತಿದ್ದಾರೋ ಅವರನ್ನ ಹೊಸದಾಗಿ ಸಾಲು ನಿಲ್ಲಿಸಿ. ಇಲ್ಲಾಂದ್ರೆ ಚೀಟಿ ಎತ್ತಿಸಿ. ಒಂಬತ್ತೂವರೆಗೆ ಟೋಕನ್ ಕೊಡಲೇಬೇಕು."

ಹೊಸ ಸಾಲು ಎಂದರೆ ತಳ್ಳಾಡುವ ಶಕ್ತಿ ಇದ್ದವರಿಗೆ ಫೋನು. ಚೀಟಿ ಎಂದರೆ ಐದು ಗಂಟೆಗೆ ಎದ್ದು ಬಂದವರ ನಿದ್ದೆಗೆ ಬೆಲೆಯೇ ಇಲ್ಲ. ಎರಡರಲ್ಲಿ ಯಾವುದಾದರೂ, ಬರಿಗಾಲಿನಲ್ಲಿ ಬಸ್ಸಿನಲ್ಲಿ ಕೂತಿರುವ ಹಿರಿಯರ ಜಾಗ ಹೋದ ಹಾಗೇ. ಜಾಗ ಎಲ್ಲೂ ಹೋಗಲ್ಲ ಎಂದ ನನ್ನ ಮಾತೂ ಹೋದ ಹಾಗೇ.

ಆಗ ನೆನಪಾದದ್ದು ನಮ್ಮ ಕ್ವಾರ್ಟರ್ಸಿನ ನಲ್ಲಿ. ನಾನು ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಮನೆಗಳಲ್ಲಿ. ಇಡೀ ಸಾಲಿಗೆ ಒಂದೇ ನಲ್ಲಿ, ಬೆಳಿಗ್ಗೆ ಒಂದೇ ಗಂಟೆ ನೀರು. ಕೊಡಗಳು ನಸುಕಿನಲ್ಲೇ ಸಾಲು ಕೂರುತ್ತಿದ್ದವು, ಹೆಂಗಸರು ಒಳಗೆ ಒಲೆ ನೋಡಿಕೊಳ್ಳುತ್ತಿದ್ದರು. ಒಂದು ದಿನ ಹಸುವೊಂದು ಬೆದರಿ ಕೊಡಗಳ ಮೇಲೆಯೇ ನುಗ್ಗಿ ಎಲ್ಲವನ್ನೂ ಚೆಲ್ಲಾಪಿಲ್ಲಿ ಮಾಡಿತು. ಕನ್ನಡ, ತಮಿಳು, ತೆಲುಗು ಮೂರೂ ಭಾಷೆಯಲ್ಲಿ ಜಗಳ ಶುರುವಾಯಿತು. ನನ್ನ ಅಮ್ಮ ಸೆರಗು ಸಿಕ್ಕಿಸಿಕೊಂಡು ನಡುವೆ ನಿಂತು ಒಬ್ಬೊಬ್ಬರನ್ನೂ ಒಂದೇ ಪ್ರಶ್ನೆ ಕೇಳಿದ್ದರು: "ನಿನ್ನದು ಬಿಡು, ನಿನ್ನ ಮುಂದೆ ಯಾರದ್ದಿತ್ತು?" ತನ್ನ ಜಾಗದ ಬಗ್ಗೆ ಯಾರು ಬೇಕಾದರೂ ಸುಳ್ಳು ಹೇಳಬಹುದು. ಆದರೆ ಇವಳು ನನ್ನ ಮುಂದಿದ್ದಳು ಎಂದು ಹೇಳುವವಳು ತಾನೇ ಒಂದು ಹೆಜ್ಜೆ ಹಿಂದೆ ಹೋಗುತ್ತಾಳೆ. ಆದ್ದರಿಂದ ಆ ಮಾತನ್ನು ನಂಬಬಹುದು ಎಂಬುದು ಅಮ್ಮನ ಲೆಕ್ಕ. ಅರ್ಧ ಗಂಟೆಯಲ್ಲಿ ಕೊಡಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದಿದ್ದವು.

"ಸಾರ್, ಅರ್ಧ ಗಂಟೆ ಕೊಡಿ. ಸಾಲು ಹೇಗಿತ್ತೋ ಹಾಗೇ ಮಾಡಿ ಕೊಡ್ತೀನಿ."

"ಆಗದಿದ್ರೆ?"

"ಆಗದಿದ್ರೆ ನೀವು ಹೇಳಿದ ಹಾಗೆ ಚೀಟಿ."

ಮೆಟ್ಟಿಲ ಮೇಲೆ ಹತ್ತಿ ನಿಂತು ಕೂಗಿ ಹೇಳಿದೆ. ಎಲ್ಲರೂ ತಮ್ಮ ತಮ್ಮ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಳ್ಳಬೇಕು. ಯಾರೂ ತಮ್ಮ ನಂಬರ್ ಹೇಳಬಾರದು. ನಾನು ಕೇಳಿದಾಗ ನಿಮ್ಮ ಮುಂದೆ ಯಾರದ್ದಿತ್ತು ಎಂಬುದನ್ನು ಮಾತ್ರ ಹೇಳಬೇಕು. ಮೊದಲನೆಯವರ ಬಗ್ಗೆ ತಕರಾರಿರಲಿಲ್ಲ. ಗಾಂಧಿಬಜಾರಿನ ಪಾತ್ರೆ ಅಂಗಡಿಯ ಯಜಮಾನರು, ಐದು ಗಂಟೆಗೇ ಬಂದಿದ್ದರು.

"ಇವರು ನನ್ನ ಮುಂದಿದ್ದರು ಅನ್ನೋರು ಕೈ ಎತ್ತಿ."

ಎರಡು ಕೈ ಎದ್ದವು. ಒಬ್ಬರು ಕಾಲೇಜಿನ ಲೆಕ್ಚರರ್, ಕೈಯಲ್ಲಿ ಕೆಂಪು ಚಪ್ಪಲಿ. ಇನ್ನೊಬ್ಬರು ಔಷಧಿ ಕಂಪನಿಯ ರೆಪ್, ಮಿರಮಿರ ಮಿಂಚುವ ಶೂ. ಮೊದಲ ಹೆಜ್ಜೆಗೇ ಗಂಟು. ಇಬ್ಬರೂ ಗಟ್ಟಿಯಾಗಿ ನಿಂತರು, ಜನ ಇಬ್ಬರ ಪರವಾಗಿಯೂ ಕೂಗತೊಡಗಿದರು.

"ಈ ಮಿಂಚೋ ಶೂ ಯಾರ ಮುಂದಿತ್ತು?"

ಒಬ್ಬ ನರ್ಸ್ ಕೈ ಎತ್ತಿದರು. ರಾತ್ರಿ ಡ್ಯೂಟಿ ಮುಗಿಸಿ ಹಾಗೇ ಬಂದಿದ್ದರು. "ನನ್ನ ಮುಂದಿತ್ತು ಮೇಡಂ. ಅದರ ಮುಂದೆ ಈ ಕೆಂಪು ಚಪ್ಪಲಿ ಇತ್ತು. ಇವರೇ ಬಂದು ಅದನ್ನ ಕಾಲಲ್ಲಿ ಒಂಚೂರು ಮುಂದೆ ತಳ್ಳಿ, ಆಮೇಲೆ ತಮ್ಮದು ಬಿಟ್ರು. ನಾನು ನೋಡ್ತಾನೇ ಇದ್ದೆ."

ಇಬ್ಬರಲ್ಲಿ ಯಾರು ಎರಡಾದರೂ ನರ್ಸ್ ನಾಲ್ಕೇ. ಸುಳ್ಳು ಹೇಳಿ ಅವರಿಗೇನೂ ಬರುವುದಿರಲಿಲ್ಲ. ರೆಪ್ ಹಲ್ಲು ಕಿರಿದು, "ಆಯ್ತು ಬಿಡಿ ಮೇಡಂ, ಮೂರೂ ಪರವಾಗಿಲ್ಲ" ಎಂದಾಗ ಇಡೀ ರಸ್ತೆ ನಕ್ಕಿತು. ಆ ನಗುವಿನೊಂದಿಗೆ ಬಿಗಿ ಸಡಿಲವಾಯಿತು. ಬೆನ್ನ ಹಿಂದೆ ಒಬ್ಬರು ನೋಡಿದವರು ಇದ್ದೇ ಇರುತ್ತಾರೆ ಎಂದು ತಿಳಿದ ಮೇಲೆ ಯಾರೂ ಹೆಚ್ಚು ಸಾಹಸಕ್ಕೆ ಹೋಗಲಿಲ್ಲ. ಐದು, ಆರು, ಏಳು ಎಂದು ಸರಪಳಿ ಬೆಳೆಯುತ್ತ ಹೋಯಿತು. ಜನರಿಗೂ ಹುರುಪು ಬಂದು, ಒಬ್ಬೊಬ್ಬರು ತಮ್ಮ ಜಾಗಕ್ಕೆ ಬಂದು ಚಪ್ಪಲಿ ಇಟ್ಟಾಗಲೂ ಚಪ್ಪಾಳೆ ಹೊಡೆಯತೊಡಗಿದರು. ಟೀ ಅಂಗಡಿಯವರು ಗಿರಾಕಿಗಳನ್ನು ಬಿಟ್ಟು ನೋಡಲು ಬಂದರು. ಅಕ್ಕ ಒಬ್ಬೊಬ್ಬರಿಗೂ ಕೈ ಮುಗಿದು ಕ್ಷಮೆ ಕೇಳುತ್ತಿದ್ದರು. ಗಂಟಲು ಹರಿದರೂ ನನಗೆ ನಿಲ್ಲಿಸುವ ಮನಸ್ಸಿರಲಿಲ್ಲ. ಅಷ್ಟು ಚೆಂದದ ಅರ್ಧ ಗಂಟೆ ನನ್ನ ಕೆಲಸದಲ್ಲಿ ಮತ್ತೆ ಬಂದಿಲ್ಲ.

ಹದಿನೇಳರವರೆಗೆ ಬಂದೆವು. ಹದಿನೇಳನೆಯವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸು. ಇವರು ನನ್ನ ಮುಂದಿದ್ದರು ಎಂದು ಯಾರ ಕೈಯೂ ಏಳಲಿಲ್ಲ.

"ನಿಮ್ಮ ಹಿಂದೆ ಯಾರಿದ್ದರು ಮೇಡಂ?"

"ಗೊತ್ತಿಲ್ರೀ. ನಾನು ಇಟ್ಟವಳೇ ಟೀಗೆ ಹೋಗ್ಬಿಟ್ಟೆ."

ಉಳಿದವರಲ್ಲಿ ಒಬ್ಬರು ಮುಂದೆ ಬಂದು ಭಾವನ ಕಡೆ ಕೈ ತೋರಿಸಿದರು. "ನನ್ನ ಮುಂದೆ ಇವರು. ಇವರ ಮುಂದೆ ಯಾರು ಅಂತ ನಾನು ನೋಡಿಲ್ಲ. ಕಬ್ಬಿಣದ ಶೂ ಒಂದು ಅಲ್ಲೆಲ್ಲೋ ಇತ್ತು, ಮುಂದೋ ಪಕ್ಕದಲ್ಲೋ."

ಎಲ್ಲರೂ ಭಾವನನ್ನು ನೋಡಿದರು. ಜಗುಲಿಯ ಮೇಲೆ ಗೋಡೆಗೆ ಒರಗಿ ಆ ಒಂದು ಜೊತೆ ಶೂ ಮಾತ್ರ ಉಳಿದಿತ್ತು. ಅದರ ಪರವಾಗಿ ಹೇಳಬಲ್ಲವರು ಲೋಕದಲ್ಲಿ ಇಬ್ಬರೇ. ಒಬ್ಬರು ಭದ್ರಾವತಿಯ ದಾರಿಯಲ್ಲಿದ್ದರು. ಇನ್ನೊಬ್ಬರು ಭಾವ. ಬ್ಯಾಂಕಿನವರೇ ನನ್ನ ಮುಂದಿದ್ದರು ಎಂದು ಅವರು ಅಂದುಬಿಟ್ಟರೆ ಸಾಕು, ಹದಿನೆಂಟನೆಯ ಫೋನು ಅವರದ್ದು. ಹಿರಿಯರು ನನಗೆ ಹದಿನೆಂಟು ಎಂದಿದ್ದು ನಿಜ, ಆದರೆ ಅದು ಅವರದೇ ಜಾಗದ ಬಗ್ಗೆ ಅವರದೇ ಮಾತು. ಅಂಥ ಮಾತು ನಡೆಯುವುದಿಲ್ಲ ಎಂದು ಆಗ ತಾನೇ ಮೆಟ್ಟಿಲ ಮೇಲೆ ನಿಂತು ಸಾರಿದವಳು ನಾನೇ.

ಮುಚ್ಚಿಡುವುದು ಬೇಡ ಅನ್ನಿಸಿ ಗಟ್ಟಿಯಾಗಿ ಹೇಳಿದೆ: "ಎಲ್ಲರಿಗೂ ಗೊತ್ತಿರಲಿ. ಇವರು ನನ್ನ ಅಕ್ಕನ ಗಂಡ."

ಏರಿಯಾ ಮ್ಯಾನೇಜರ್ ಹುಬ್ಬೇರಿಸಿದರು. ಜನ ಗುಸುಗುಸು ಎಂದರು.

"ಭಾವ, ನಿಮ್ಮ ಮುಂದೆ ಯಾರದ್ದಿತ್ತು?"

ಭಾವ ಕೋಲಿಗೆ ಸಿಕ್ಕಿಸಿದ ಫೋನನ್ನು ಒಮ್ಮೆ ನೋಡಿಕೊಂಡರು. ಚಾನೆಲ್ ನೋಡುವವರಿಗೆಲ್ಲ ಆಗಲೇ ಮಾತು ಕೊಟ್ಟಿದ್ದರು. ಕತ್ತಿನ ಹಿಂದೆ ಕೆರೆದುಕೊಂಡರು. ನನಗಂತೂ ಅವರು ಏನು ಹೇಳುತ್ತಾರೆಂದು ಆ ಕ್ಷಣ ಗೊತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

"ಆ ಕಬ್ಬಿಣದ ಶೂನೇ ಮಾರಾಯ್ತಿ," ಎಂದರು ಕೊನೆಗೆ, ಸಿಟ್ಟಿನಲ್ಲೇ. "ಇಬ್ಬರೂ ಒಂದೇ ಬಸ್ಸಲ್ಲಿ ಬಂದ್ವಿ. ನಾನೇ ಮೊದಲು ಇಳಿದೆ. ಇಲ್ಲಿಗೆ ಬಂದು ನಮಸ್ಕಾರ ಸ್ನೇಹಿತರೇ ಅಂತ ವಿಡಿಯೋ ಶುರು ಮಾಡ್ದೆ ನೋಡು, ಅಷ್ಟ್ರಲ್ಲಿ ಆ ಮನುಷ್ಯ ಸುಮ್ನೆ ಬಂದು ಶೂ ಬಿಚ್ಚಿಟ್ಟು ಹೋದ್ರು. ನನ್ನ ಬಾಯೇ ನನಗೆ ಶತ್ರು."

ಚಪ್ಪಾಳೆ ಬಿತ್ತು. ಭಾವ ಯಾರ ಮುಖವನ್ನೂ ನೋಡದೆ ಹೋಗಿ ಜಗುಲಿಯಿಂದ ಆ ಶೂಗಳನ್ನು ತಾವೇ ತಂದು ಬ್ಯಾಂಕಿನವರ ಹಿಂದೆ ಇಟ್ಟು, ಅದರ ಹಿಂದೆ ತಾವು ನಿಂತರು.

ಮಿಕ್ಕ ಹನ್ನೆರಡು ಮಂದಿ ತಾವಾಗಿಯೇ ಸಾಲಾದರು. ನಾನು ಟೋಕನ್ ಕೊಡುತ್ತ ಬಂದೆ. ಹದಿನೆಂಟಕ್ಕೆ ಬಂದಾಗ ಏರಿಯಾ ಮ್ಯಾನೇಜರ್ ಪಕ್ಕದಲ್ಲೇ ಇದ್ದರು.

"ಶೂಗೆ ಟೋಕನ್ ಕೊಡ್ತೀರಾ ಮೇಡಂ?"

"ಕೊಡ್ತೀನಿ ಸಾರ್. ಹೋಗಿ ಬನ್ನಿ ಅಂತ ಕಳಿಸಿದ್ದು ನಾನೇ. ತಪ್ಪು ಅನ್ನೋದಾದ್ರೆ ನನ್ನ ಹೆಸರಿಗೇ ಬರೀರಿ."

ಅವರು ಸಾಲನ್ನು ನೋಡಿದರು. ಮೂವತ್ತು ಜನ ಅವರನ್ನೇ ನೋಡುತ್ತಿದ್ದರು. "ಅವರ ಸರದಿ ಬರೋಷ್ಟರಲ್ಲಿ ಮನುಷ್ಯ ಇಲ್ಲಿರ್ಬೇಕು. ಇಲ್ಲದಿದ್ರೆ ಹಿಂದಿನವರಿಗೆ," ಎಂದರು. ಬಗ್ಗಿ ಟೋಕನ್ನನ್ನು ಬಲಗಾಲಿನ ಶೂ ಒಳಗೆ ಸಿಕ್ಕಿಸಿದೆ.

ಒಂಬತ್ತೂ ಮುಕ್ಕಾಲಿಗೆ ಕ್ಯಾಮೆರಾ ಮುಂದೆ ಟೇಪ್ ಕತ್ತರಿಸಿದೆವು. ಹತ್ತಕ್ಕೆ ಸರಿಯಾಗಿ ಸಾಫ್ಟ್‌ವೇರ್ ಹಸಿರು ತೋರಿಸಿತು. ಮೂರು ಕೌಂಟರಿನಲ್ಲೂ ಸ್ಕ್ಯಾನರ್ ಕೀಕ್ ಕೀಕ್ ಎನ್ನತೊಡಗಿತು. ಪಾತ್ರೆ ಅಂಗಡಿಯ ಯಜಮಾನರು ಪೆಟ್ಟಿಗೆಯನ್ನು ಕಣ್ಣಿಗೊತ್ತಿಕೊಂಡರು. ನರ್ಸ್ ಹಸಿರು ಬಣ್ಣದ್ದು ಆರಿಸಿ ನಿದ್ದೆಗಣ್ಣಲ್ಲೇ ಮೊದಲ ಸೆಲ್ಫಿ ತೆಗೆದುಕೊಂಡರು. ನಾನು ಒಂದು ಕಣ್ಣು ಬಿಲ್ಲಿನ ಮೇಲೆ, ಒಂದು ಕಣ್ಣು ಬಾಗಿಲ ಮೇಲೆ ಇಟ್ಟು ಓಡಾಡಿದೆ. ಸಾಲು ಒಂದೊಂದೇ ಹೆಜ್ಜೆ ಮುಂದೆ ಸರಿದಾಗಲೆಲ್ಲ ಭಾವ ಬಗ್ಗಿ ಶೂಗಳನ್ನು ಒಂದು ಹೆಜ್ಜೆ ಮುಂದಿಟ್ಟು ತಾವೂ ಸರಿಯುತ್ತಿದ್ದರು. ಹತ್ತು, ಹನ್ನೆರಡು, ಹದಿಮೂರು. ಹಿರಿಯರ ಸುಳಿವಿಲ್ಲ. ಫೋನ್ ಮಾಡೋಣವೆಂದರೆ ಅವರ ಹಳೆಯ ಫೋನು ನನ್ನ ಮೇಜಿನ ಮೇಲೆಯೇ ಬಿದ್ದಿತ್ತು.

ಹದಿನೈದನೆಯವರಿಗೆ ಬಿಲ್ ಆಗುವಾಗ ರಸ್ತೆಯಾಚೆ ಅವರು ಕಂಡರು. ಕಾಲಿಗೆ ನೀಲಿ ಬಣ್ಣದ ಬಾತ್‌ರೂಮ್ ಚಪ್ಪಲಿ, ಕಂಕುಳಲ್ಲಿ ಗ್ಯಾಸ್ ಪುಸ್ತಕ. ಗಡಿಬಿಡಿ ಏನೂ ಇಲ್ಲ. ಎರಡೂ ಕಡೆ ನೋಡಿಕೊಂಡು ರಸ್ತೆ ದಾಟಿದರು. ಸಾಲಿಗೆ ಬಂದು ಬಾತ್‌ರೂಮ್ ಚಪ್ಪಲಿ ಬಿಚ್ಚಿ, ತಮ್ಮ ಶೂಗೆ ಕಾಲು ತೂರಿಸಿದರು. ಒಳಗೇನೋ ತಗುಲಿ ಕೈ ಹಾಕಿ ತೆಗೆದರು.

"ಓ, ಟೋಕನ್ ಕೊಟ್ಟಾಯ್ತಾ?"

ನಾನು ಬಾಗಿಲಿಗೆ ಓಡಿದೆ. "ಎ‌ಷ್ಟೊತ್ತು ಸಾರ್! ನನ್ನ ಜೀವ ಹೋಗಿತ್ತು!"

"ಯಾಕಮ್ಮಾ? ಜಾಗ ಎಲ್ಲೂ ಹೋಗಲ್ಲ ಅಂತ ನೀನೇ ಹೇಳಿದ್ಯಲ್ಲ. ಮನೆಯಾಕೆ ತಿಂಡಿ ತಿನ್ನದೆ ಬಿಡಲ್ಲ ಅಂದ್ಲು. ಎರಡು ದೋಸೆ ತಿಂದ್ಕೊಂಡು ನಿಧಾನ ಬಂದೆ."

ಭಾವ ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಿದೆ.

ಗ್ಯಾಸ್ ಪುಸ್ತಕದ ಹಿಂದೆ ಬರೆದಿದ್ದ ಪಾಸ್‌ವರ್ಡ್ ಮೊದಲ ಸಲವೇ ಸರಿಹೋಯಿತು. ಕಪಾಟಿನಲ್ಲಿ ಉಳಿದಿದ್ದ ಒಂದೇ ಒಂದು ಪೆಟ್ಟಿಗೆಯನ್ನು ನಾನೇ ತಂದು ಅವರ ಮುಂದೆ ಇಟ್ಟೆ. ಕಪ್ಪು ಬಣ್ಣದ್ದು, ಅವರಿಗೆ ಬೇಕಾಗಿದ್ದೂ ಅದೇ. ಸೀಲು ಒಡೆಯುವ ಮುಂಚೆ ಅವರು ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

ಭಾವ ಕೋಲು ಹಿಡಿದು ಹತ್ತಿರ ಬಂದರು. "ಸಾರ್, ನೀವು ಪ್ಯಾಕ್ ಒಡೆಯೋದನ್ನ ನಾನು ವಿಡಿಯೋ ಮಾಡ್ಲಾ? ನನ್ನದೊಂದು ಚಾನೆಲ್ ಇದೆ."

"ಅದಕ್ಕೇನಂತೆ, ಮಾಡಪ್ಪ."

ಅವರು ಮುಚ್ಚಳವನ್ನು ಸರಕ್ಕನೆ ಎಳೆಯಲಿಲ್ಲ. ಕ್ರೇನಿನಲ್ಲಿ ಭಾರ ಎತ್ತುವ ಹಾಗೆ ನೇರವಾಗಿ, ಒಂದಿಷ್ಟೂ ಓಲದಂತೆ ಮೇಲೆತ್ತಿದರು. ಫೋನನ್ನು ಕೈಗೆ ತೆಗೆದುಕೊಂಡು ಜೂಮ್ ಮಾಡಿ ರಸ್ತೆಯಾಚೆಯ ಟೀ ಅಂಗಡಿಯ ಕಡೆ ಹಿಡಿದರು. "ಸ್ಟೋವಿನ ಉರಿ ಕಾಣ್ತಿದೆ ಕಣಮ್ಮ," ಎಂದು ಕೂಗಿದರು. ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಇಷ್ಟೊಂದು ಜನ ತಮಗೆ ಯಾಕೆ ಚಪ್ಪಾಳೆ ತಟ್ಟುತ್ತಿದ್ದಾರೆಂದು ತಿಳಿಯದೆ ಅವರು ಎಲ್ಲರಿಗೂ ಕೈ ಮುಗಿದರು. ಆಮೇಲೆ ಭಾವನ ಕೈಯಲ್ಲಿದ್ದ ಹತ್ತೊಂಬತ್ತನೇ ಟೋಕನ್ ಅವರ ಕಣ್ಣಿಗೆ ಬಿತ್ತು.

"ನೀನೂ ಇದನ್ನೇ ತಗೊಳ್ಳಕ್ಕೆ ಬಂದಿದ್ದೇನಪ್ಪ?"

"ಹೌದು ಸಾರ್. ಸಿಗ್ಲಿಲ್ಲ. ನಿಮ್ಮದೇ ಲಾಸ್ಟು."

ಹಿರಿಯರು ನಿಜವಾಗಿಯೂ ನೊಂದುಕೊಂಡರು. ಭಾವನ ಭುಜದ ಮೇಲೆ ಕೈ ಇಟ್ಟು, "ಅಯ್ಯೋ. ಸ್ವಲ್ಪ ಬೇಗ ಬರ್ಬೇಕಿತ್ತು ಕಣಪ್ಪ," ಎಂದರು.

ಭಾವ ಆ ಮಾತನ್ನು ವಿಡಿಯೋದಿಂದ ತೆಗೆಯಲಿಲ್ಲ.